ಸಹಾಯ ಬೇಕು: ಜಿಲ್ಲಾ ಆರೋಗ್ಯ ಕಚೇರಿಯ ಜತೆಗಿನ ಜಂಟಿ ಸಂಶೋಧನೆಗೆ ಒಡಂಬಡಿಕೆಯ ಮಾದರಿ

ಎಲ್ಲರಿಗೂ ನಮಸ್ಕಾರ. ಡೆಂಗಿ ಕುರಿತು ನಮ್ಮ ಸಮುದಾಯ ವೈದ್ಯಕೀಯ ವಿಭಾಗ ಮತ್ತು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿ ಸೇರಿ ಐಸಿಎಂಆರ್‌ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅನುದಾನಕ್ಕೆ ಪ್ರಸ್ತಾವನೆ ಬರೆಯುತ್ತಿದ್ದೇವೆ. ತೊಡಕಿರುವುದು ದುಡ್ಡು ಹಂಚುವುದರಲ್ಲಿ.

ಅನುದಾನ ಸಾಮಾನ್ಯವಾಗಿ ಪ್ರಧಾನ ಸಂಶೋಧಕರ ಸಂಸ್ಥೆಗೇ ಬರುತ್ತದೆ. ಆದರೆ ಕೆಲಸದ ಹೊರೆ ಬೀಳುವುದು ಜಿಲ್ಲಾ ಕಚೇರಿಯ ಮೇಲೆ. ಒಂದು ಉದಾಹರಣೆ: ಜ್ವರದ ಮೊದಲ ಐದು ದಿನ ಎನ್‌ಎಸ್‌1 ಎಲೈಸಾ (ರಕ್ತದಲ್ಲಿ ವೈರಸ್ಸಿನ ಪ್ರೋಟೀನ್ ಹುಡುಕುವ ಪರೀಕ್ಷೆ), ಆಮೇಲೆ ಐಜಿಎಂ ಎಲೈಸಾ (ದೇಹದ ಪ್ರತಿಕಾಯ ಹುಡುಕುವ ಪರೀಕ್ಷೆ) ಮಾಡಬೇಕು. ರಕ್ತದ ಮಾದರಿಯ ಜತೆ ಬರುವ ನಮೂನೆಯಲ್ಲಿ ‘ಜ್ವರ ಶುರುವಾದ ದಿನಾಂಕ’ ಖಾಲಿಯಿದ್ದರೆ ಯಾವ ಪರೀಕ್ಷೆ ಎಂದೇ ತಿಳಿಯದು, ನೆಗೆಟಿವ್ ಫಲಿತಾಂಶಕ್ಕೂ ಅರ್ಥವಿಲ್ಲ. ಅದನ್ನು ಬೆನ್ನುಹತ್ತಿ ತುಂಬಿಸಲು ಅಲ್ಲೇ ಕೂರುವ ಡೇಟಾ ಎಂಟ್ರಿ ಆಪರೇಟರ್ ಬೇಕು. ಆಶಾ ಕಾರ್ಯಕರ್ತೆಯರಿಂದ ಪುಕ್ಕಟೆ ಸೊಳ್ಳೆ ಲಾರ್ವಾ ಸಮೀಕ್ಷೆ ಮಾಡಿಸುವುದಂತೂ ಅನ್ಯಾಯ. ಮನೆವಾರು ಗೌರವಧನ ಬಜೆಟ್‌ನಲ್ಲೇ ಇರಬೇಕು.

ಹಾಗಾಗಿ ಕೇಳುವುದಿಷ್ಟು. ಜಿಲ್ಲೆಯ ಪಾಲನ್ನು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘದ ಖಾತೆಗೆ ಹಾಕಿದವರು ಇದ್ದೀರಾ? ಬಳಕೆ ಪ್ರಮಾಣಪತ್ರವನ್ನು, ಅಂದರೆ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ ಜಿಎಫ್‌ಆರ್‌ 12-ಎ ನಮೂನೆಯನ್ನು, ಒಟ್ಟಿಗೆ ಕೊಟ್ಟಿರಾ, ಬೇರೆಬೇರೆಯಾಗಿಯೇ? ಸಂಘದ ಲೆಕ್ಕಪರಿಶೋಧನೆ ತಡವಾದರೆ ನಮ್ಮ ಮುಂದಿನ ಕಂತೂ ನಿಲ್ಲುತ್ತದೆ ಎಂಬ ಆತಂಕವಿದೆ. ಇನ್ನೊಂದು: ಸಹಿ ಹಾಕಿದ ಅಧಿಕಾರಿ ವರ್ಗವಾದರೂ ಒಡಂಬಡಿಕೆ ಊರ್ಜಿತವಾಗಿರಲು ಹೆಸರಿನ ಬದಲು ಹುದ್ದೆ ನಮೂದಿಸಿದರೆ ಸಾಕೇ, ಆಯುಕ್ತಾಲಯದ ಅನುಮತಿಯೂ ಬೇಕೇ?

ದತ್ತಾಂಶದ ಒಡೆತನ ಮತ್ತು ಪ್ರಕಟಣೆಯಲ್ಲಿ ಜಿಲ್ಲಾ ಸಿಬ್ಬಂದಿಯ ಹೆಸರು ಸೇರಿಸುವ ಕಲಮುಗಳಿರುವ ಪ್ರತಿ ಇದ್ದರೆ, ಗುರುತುಗಳನ್ನು ತೆಗೆದು ದಯವಿಟ್ಟು ಇಲ್ಲೇ ಹಾಕಿ.