ಶಿಶುವಿಗೆ ‘ಡಿಸಿಎಂ’ ಎಂದು ಬರೆಯುವ ಮುನ್ನ: ಎಕೋದಲ್ಲಿ ಅಲ್ಕಾಪಾ ಹಿಡಿಯುವುದು ಹೇಗೆ?

(ಕೇಳಿದವರೂ ಉತ್ತರಿಸಿದವರೂ ಬಳಸಿರುವುದು ಅಡ್ಡಹೆಸರು. ಎಕೋ ಎಂದರೆ ಹೃದಯದ ಅಲ್ಟ್ರಾಸೌಂಡ್.)

ಪ್ರಶ್ನೆ: ಅಡ್ಡಕೊಯ್ತ

2ರಿಂದ 6 ತಿಂಗಳ ಶಿಶು, ಎಡ ಕುಹರ ಚೆಂಡಿನಂತೆ ಉಬ್ಬಿದೆ, ಇಎಫ್ (ಪ್ರತಿ ಬಡಿತಕ್ಕೆ ಕುಹರ ಹೊರದೂಡುವ ರಕ್ತದ ಪಾಲು) ಶೇ. 25ರ ಆಸುಪಾಸು, ಮೈಟ್ರಲ್ ಕವಾಟ ಸೋರುತ್ತಿದೆ. ಇಂಥ ಮಗುವಿಗೆ ಡೈಲೇಟೆಡ್ ಕಾರ್ಡಿಯೋಮಯೋಪತಿ (ಡಿಸಿಎಂ, ಹೃದಯ ಸ್ನಾಯು ಸೋತು ಉಬ್ಬುವ ಕಾಯಿಲೆ) ಅಥವಾ ಮಯೋಕಾರ್ಡೈಟಿಸ್ (ಹೃದಯ ಸ್ನಾಯುವಿನ ಉರಿಯೂತ) ಎಂದು ಬರೆಯುವ ಮೊದಲು, ಎಡ ಕರೋನರಿ (ಹೃದಯ ಸ್ನಾಯುವಿಗೆ ರಕ್ತ ಒಯ್ಯುವ ನಾಳ) ಪಲ್ಮನರಿ ಆರ್ಟರಿಯಿಂದ (ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳ) ಹೊರಟಿಲ್ಲ, ಅಂದರೆ ಇದು ಅಲ್ಕಾಪಾ ಅಲ್ಲ ಎಂಬುದನ್ನು ಖಾತ್ರಿ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಪುಸ್ತಕದ ಮಾತು ಸರಿ.

ತೊಡಕು ಯಂತ್ರದ ಮುಂದೆ ಕೂತಾಗ. ಪ್ಯಾರಾಸ್ಟರ್ನಲ್ ಶಾರ್ಟ್ ಆಕ್ಸಿಸ್‌ನಲ್ಲಿ ಎಡ ಕರೋನರಿ, ಸಹಜವಾಗಿ ಇರಬೇಕಾದಂತೆ, ಅಯೋರ್ಟಾಕ್ಕೇ (ಮಹಾಪಧಮನಿ) ಕೂಡಿಕೊಂಡ ಹಾಗೆ ಕಾಣುತ್ತದೆ, ಫ್ರೀಜ್ ಮಾಡಿದರೂ ಹಾಗೇ. ಅಂಥ ಮಕ್ಕಳಲ್ಲೂ ಕೆಲವರಿಗೆ ಆಮೇಲೆ ಸಿ.ಟಿ.ಯಲ್ಲಿ ಅಲ್ಕಾಪಾ ಎಂದು ಬರುತ್ತದೆ. 2ಡಿ ಚಿತ್ರ ಯಾಕೆ ಹೀಗೆ ಮೋಸ ಮಾಡುತ್ತದೆ? ಕಲರ್ ಡಾಪ್ಲರ್‌ನಲ್ಲಿ ಯಾವ ಸೆಟ್ಟಿಂಗ್, ಏನನ್ನು ನೋಡಬೇಕು? ಇಸಿಜಿಯನ್ನು ಎಷ್ಟು ನಂಬಬಹುದು? ಮತ್ತೆ, ಸಿ.ಟಿ. ಎಲ್ಲರಿಗೂ ಬೇಕೇ, ಮಾಡುವುದಾದರೆ ನಿಮಿಷಕ್ಕೆ 150 ಬಡಿತದ ಹೃದಯಕ್ಕೆ ಯಾವ ಪ್ರೋಟೋಕಾಲ್?

ಉತ್ತರ: ನೈಕ್ವಿಸ್ಟ್

ಮೋಸಕ್ಕೆ ಕಾರಣ ಮೂರು. ಮೊದಲನೆಯದು ಲ್ಯಾಟರಲ್ ರೆಸಲ್ಯೂಶನ್, ಅಂದರೆ ಅಕ್ಕಪಕ್ಕದ ಎರಡನ್ನು ಬೇರೆಬೇರೆ ತೋರಿಸುವ ಶಕ್ತಿ. ನಾಳದ ಬಾಯಿ 1.5 ಮಿ.ಮೀ. ಕೂಡ ಇಲ್ಲ, ಅಯೋರ್ಟಾದ ಗೋಡೆಗೆ ತಾಗಿಕೊಂಡೇ ಸಾಗುತ್ತಿದೆ. ನಡುವಿನ ತೆಳು ಗೋಡೆ ಕಿರಣಕ್ಕೆ ಸಮಾನಾಂತರವಾಗಿ ಬಂತೆಂದರೆ ಪ್ರತಿಧ್ವನಿಯೇ ಹುಟ್ಟುವುದಿಲ್ಲ. ಗೋಡೆ ಇರುವ ಜಾಗ ತೂತಿನಂತೆ ಕಾಣುತ್ತದೆ. ಎರಡನೆಯದು ಟ್ರಾನ್ಸ್‌ವರ್ಸ್ ಸೈನಸ್. ಅಯೋರ್ಟಾದ ಹಿಂದೆ ಪೆರಿಕಾರ್ಡಿಯಂನ ಈ ಸಂದಿ ಕಪ್ಪು ಕೊಳವೆಯ ಹಾಗೆ ಕಂಡು, ಎಡ ಕರೋನರಿ ಎಂದೇ ಎಷ್ಟೋ ಬಾರಿ ಲೇಬಲ್ ಆಗುತ್ತದೆ. ಮೂರನೆಯದು ನಮ್ಮ ಕಣ್ಣು. ಗಡಿಯಾರದ 3-4 ಗಂಟೆಯ ಜಾಗದಲ್ಲಿ ಏನಾದರೂ ಕಪ್ಪು ಗೆರೆ ಕಂಡರೆ ಸಾಕು, ಮನಸ್ಸು ಅದನ್ನು ಅಯೋರ್ಟಾಕ್ಕೆ ಜೋಡಿಸಿಬಿಡುತ್ತದೆ.

ಹಾಗಾಗಿ ನಾಳ ಎಲ್ಲಿ ಅಂಟಿದೆ ಎಂಬುದಕ್ಕಿಂತ ರಕ್ತ ಯಾವ ಕಡೆ ಹರಿಯುತ್ತಿದೆ ಎಂಬುದು ಮುಖ್ಯ.

8-12 ಮೆಗಾಹರ್ಟ್ಸ್ ಪ್ರೋಬ್ ತೆಗೆದುಕೊಳ್ಳಿ. ಆಳ ಕಡಿಮೆ ಮಾಡಿ, ಸೆಕ್ಟರ್ ಕಿರಿದಾಗಿಸಿ, ಕಲರ್ ಪೆಟ್ಟಿಗೆಯನ್ನು ಕರೋನರಿ ಇರುವಷ್ಟಕ್ಕೇ ಇಡಿ. ಕವಾಟ ನೋಡಲು ಇಟ್ಟಿದ್ದ 60-80 ಸೆಂ.ಮೀ./ಸೆಕೆಂಡ್ ಸ್ಕೇಲ್‌ನಲ್ಲೇ ಕರೋನರಿ ಹುಡುಕುವುದು ಅತಿ ಸಾಮಾನ್ಯ ತಪ್ಪು. ಅದನ್ನು 20-30ಕ್ಕೆ ಇಳಿಸಿ, ವಾಲ್ ಫಿಲ್ಟರ್ ಕೂಡ ತಗ್ಗಿಸಿ. ಮಗು ಅಳುತ್ತಿದ್ದರೆ ಬಿಟ್ಟುಬಿಡಿ. ಸುಮ್ಮನಾದ ಮೇಲೆ 5 ನಿಮಿಷದಲ್ಲಿ ಸಿಗುವ ಚಿತ್ರ ಅಳುವಾಗ ಅರ್ಧ ಗಂಟೆಗೂ ಸಿಗದು.

ಈಗ ಎಲ್‌ಎಡಿ ಹಿಡಿಯಿರಿ. ಅದು ಎಡ ಕರೋನರಿಯ ಕವಲು, ಮುಂದಕ್ಕೆ, ಪ್ರೋಬ್ ಕಡೆಗೇ ಬರುವ ನಾಳ. ಸಹಜ ಹೃದಯದಲ್ಲಿ ಡಯಾಸ್ಟೋಲ್‌ನಲ್ಲಿ (ಹೃದಯ ಸಡಿಲವಾಗುವ ಹೊತ್ತು; ಕುಗ್ಗುವ ಹೊತ್ತು ಸಿಸ್ಟೋಲ್) ಕೆಂಪಾಗಿ ಕಾಣಬೇಕು. ನೀಲಿ ಕಂಡರೆ ರಕ್ತ ಹಿಮ್ಮುಖವಾಗಿ ಪಲ್ಮನರಿ ಆರ್ಟರಿಯತ್ತ ಓಡುತ್ತಿದೆ ಎಂದರ್ಥ. ಪಲ್ಸ್ ಡಾಪ್ಲರ್ ಇಟ್ಟು ಬೇಸ್‌ಲೈನ್‌ನ ಕೆಳಗೆ ಅಲೆ ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಇಲ್ಲಿ ಎಡವುವ ಜಾಗವೊಂದಿದೆ: ಎಡ ಕರೋನರಿಯ ಇನ್ನೊಂದು ಕವಲಾದ ಸರ್ಕಮ್‌ಫ್ಲೆಕ್ಸ್ ಹಿಂದಕ್ಕೆ ಹೋಗುವ ನಾಳ, ಸಹಜವಾಗಿಯೇ ನೀಲಿ. ಅದನ್ನು ಎಲ್‌ಎಡಿ ಎಂದುಕೊಂಡರೆ ಇಲ್ಲದ ಕಾಯಿಲೆ ಹುಟ್ಟುತ್ತದೆ. ಕಲರ್ ಬಾರ್ ಯಾರಾದರೂ ತಿರುಗಿಸಿದ್ದಾರೆಯೇ ಎಂದೂ ಒಮ್ಮೆ ನೋಡಿ.

ಮುಂದಿನದು ಪಲ್ಮನರಿ ಆರ್ಟರಿಯೊಳಗಿನ ಜೆಟ್. ಕವಾಟದ ಸ್ವಲ್ಪವೇ ಮೇಲೆ, ಹಿಂಬದಿಯ ಗೋಡೆಯಿಂದ, ಹೆಚ್ಚಾಗಿ ಡಯಾಸ್ಟೋಲ್‌ನಲ್ಲಿ ಚಿಮ್ಮುವ ಸಣ್ಣ ಕೆಂಪು ಕಿಡಿ. ಪಿಡಿಎ (ಹುಟ್ಟಿದ ಮೇಲೂ ಮುಚ್ಚದೆ ಉಳಿದ, ಅಯೋರ್ಟಾ ಮತ್ತು ಪಲ್ಮನರಿ ಆರ್ಟರಿ ನಡುವಿನ ನಾಳ) ಜೆಟ್ ಹಾಗಲ್ಲ, ಕವಲೊಡೆಯುವ ಜಾಗದಿಂದ ಹೊರಟು ಎಡಗೋಡೆಯುದ್ದಕ್ಕೂ ಕವಾಟದತ್ತ ಬರುತ್ತದೆ, ಸಿಸ್ಟೋಲ್-ಡಯಾಸ್ಟೋಲ್ ಎರಡರಲ್ಲೂ ಇರುತ್ತದೆ. ಜೆಟ್‌ನ ಬುಡ ಎಲ್ಲಿದೆ ಎಂದು ಹುಡುಕಿದರೆ ಗೊಂದಲ ಮುಗಿಯಿತು.

ಪಕ್ಕದ ಸಾಕ್ಷಿಗಳೂ ಇವೆ. ಮೈಟ್ರಲ್‌ನ ಪ್ಯಾಪಿಲ್ಲರಿ ಸ್ನಾಯುಗಳು ಸುಣ್ಣ ಬಳಿದಂತೆ ಬೆಳ್ಳಗೆ ಹೊಳೆಯುತ್ತವೆ. ರಕ್ತ ಸಾಲದೆ ಅಲ್ಲಿ ನಾರುಗಟ್ಟಿರುವುದೇ ಕಾರಣ. ಬಲ ಕರೋನರಿ ದಪ್ಪಗಾಗಿರುತ್ತದೆ. ಅದರ ಬುಡದ ಅಗಲವನ್ನು ಅಯೋರ್ಟಾ ಆನ್ಯುಲಸ್‌ನಿಂದ (ಕವಾಟದ ಉಂಗುರದ ಅಗಲ) ಭಾಗಿಸಿ, 0.14 ದಾಟಿದರೆ ಅನುಮಾನ ಪಡಿ. ಉದಾಹರಣೆಗೆ ಆನ್ಯುಲಸ್ 9 ಮಿ.ಮೀ., ಬಲ ಕರೋನರಿ 1.8 ಮಿ.ಮೀ. ಇದ್ದರೆ ಅನುಪಾತ 0.20. ಇದನ್ನೇ ತಿರುವಿ ಹೇಳುವ ಹಾಗಿಲ್ಲ: ಕೊಲ್ಯಾಟರಲ್‌ಗಳು (ಬಲ-ಎಡ ಕರೋನರಿ ಬೆಸೆಯುವ ಅಡ್ಡನಾಳಗಳು) ಇನ್ನೂ ಬೆಳೆಯದ ಶಿಶುವಿನಲ್ಲಿ ಬಲ ಕರೋನರಿ ಸಪೂರವಾಗಿಯೇ ಇರಬಹುದು, ಅಷ್ಟಕ್ಕೆ ಅಲ್ಕಾಪಾ ಇಲ್ಲ ಎನ್ನಲಾಗದು.

ಉತ್ತರ: ತೊಟ್ಟಿಲ ಬದಿ

ಇಸಿಜಿ ಬಗ್ಗೆ ನನ್ನ ಪಾಲು. ಶಿಶುಗಳ ಇಸಿಜಿಯಲ್ಲಿ 2, 3, ಎವಿಎಫ್ ಮತ್ತು ವಿ6ರಲ್ಲಿ ಕ್ಯೂ ಅಲೆ ಇರುವುದು ಸಹಜ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ಎದ್ದು ಕಾಣಬೇಕಾದ್ದು ಲೀಡ್ 1 ಮತ್ತು ಎವಿಎಲ್. ಅಲ್ಲಿ 3 ಮಿ.ಮೀ.ಗಿಂತ ಆಳ, 30 ಮಿಲಿಸೆಕೆಂಡಿಗಿಂತ ಅಗಲದ ಕ್ಯೂ, ಜೊತೆಗೆ ತಲೆಕೆಳಗಾದ ಟಿ ಇದ್ದು, ಕೆಳಗಿನ ಲೀಡ್‌ಗಳಲ್ಲಿ ಕ್ಯೂ ಕಾಣೆಯಾಗಿದ್ದರೆ ಆ ಮಗುವಿನ ಎಡ ಕರೋನರಿ ಎಲ್ಲಿಂದ ಹೊರಟಿದೆ ಎಂಬುದು ಅಂದೇ ಗೊತ್ತಾಗಬೇಕು. ಆದರೆ ಡಿಸಿಎಂ ಮಕ್ಕಳಲ್ಲೂ ಕೆಲವೊಮ್ಮೆ ಇದೇ ಚಿತ್ರ ಬರುತ್ತದೆ, ಅಲ್ಕಾಪಾದಲ್ಲಿ ಕೆಲವೊಮ್ಮೆ ಬರುವುದಿಲ್ಲ. ಇಸಿಜಿ ಅನುಮಾನ ಹುಟ್ಟಿಸಲಿಕ್ಕೆ, ಅನುಮಾನ ತೀರಿಸಲಿಕ್ಕಲ್ಲ. ಟ್ರೊಪೊನಿನ್ (ಹೃದಯ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಪ್ರೋಟೀನ್) ಕೂಡ ಹಾಗೇ. ಮಯೋಕಾರ್ಡೈಟಿಸ್‌ನಲ್ಲೂ ಏರುತ್ತದೆ, ಇದರಲ್ಲೂ ಏರುತ್ತದೆ; ಟ್ರೊಪೊನಿನ್ ನೋಡಿ ಮಯೋಕಾರ್ಡೈಟಿಸ್ ಎಂದುಕೊಂಡು ಐವಿಐಜಿ (ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್) ಹಾಕಿ ಕಾಯುತ್ತ ಕೂತರೆ ಸ್ನಾಯು ಸಾಯುತ್ತಿರುತ್ತದೆ.

ವಯಸ್ಸಿಗೂ ಕಾರಣಕ್ಕೂ ನಂಟಿದೆ. ಗರ್ಭದಲ್ಲಿ ಪಲ್ಮನರಿ ಆರ್ಟರಿಯ ಒತ್ತಡ ಅಯೋರ್ಟಾದಷ್ಟೇ ಇರುತ್ತದೆ, ನಾಳ ಎಲ್ಲಿಂದ ಹೊರಟರೂ ನಡೆಯುತ್ತದೆ. ಹುಟ್ಟಿದ ಮೇಲೆ ವಾರಗಳು ಕಳೆದಂತೆ ಶ್ವಾಸಕೋಶದ ನಾಳಗಳ ಪ್ರತಿರೋಧ ಇಳಿಯುತ್ತದೆ. ಆಗ ಎಡ ಕರೋನರಿಗೆ ಸಿಗುವುದು ಕಡಿಮೆ ಒತ್ತಡದ, ಕಡಿಮೆ ಆಮ್ಲಜನಕದ ರಕ್ತ. ಇನ್ನೂ ಇಳಿದಾಗ ಬಲ ಕರೋನರಿಯಿಂದ ಕೊಲ್ಯಾಟರಲ್ ಮೂಲಕ ಬಂದ ರಕ್ತವೂ ಸ್ನಾಯುವಿಗೆ ದಕ್ಕದೆ ಪಲ್ಮನರಿ ಆರ್ಟರಿಗೆ ಇಳಿದುಹೋಗುತ್ತದೆ, ತೂಬು ತೆರೆದಿಟ್ಟ ಕೆರೆಯಿಂದ ಗದ್ದೆಗೆ ನೀರು ಹತ್ತದ ಹಾಗೆ. ಕೊಲ್ಯಾಟರಲ್ ಚೆನ್ನಾಗಿ ಬೆಳೆದ ಕೆಲವರು ದೊಡ್ಡವರಾಗುವವರೆಗೂ ಉಳಿಯುತ್ತಾರೆ, ಹಠಾತ್ ಸಾವಿನ ಅಪಾಯ ಹೊತ್ತುಕೊಂಡೇ. ಚಿಕಿತ್ಸೆಯಿಲ್ಲದಿದ್ದರೆ ಬಹುಪಾಲು ಶಿಶುಗಳು ಮೊದಲ ವರ್ಷ ದಾಟುವುದಿಲ್ಲ.

ತಾಯಂದಿರು ಹೇಳುವುದನ್ನು ಕೇಳಿಸಿಕೊಳ್ಳಿ. ಹಾಲು ಕುಡಿಯುತ್ತ ಕುಡಿಯುತ್ತ ಹಠಾತ್ತಾಗಿ ಕಿರುಚುವುದು, ಬಿಳಿಚಿಕೊಳ್ಳುವುದು, ಹಣೆ ಬೆವರುವುದು. ಮನೆಯಲ್ಲಿ ಹೊಟ್ಟೆನುಲಿತ ಎಂದು ಬಜೆ ತೇಯ್ದು ನೆಕ್ಕಿಸಿರುತ್ತಾರೆ, ದೃಷ್ಟಿ ತೆಗೆದಿರುತ್ತಾರೆ. ಕ್ಲಿನಿಕ್‌ನಲ್ಲಿ ಕೋಲಿಕ್ ಡ್ರಾಪ್ಸ್ ಬರೆದಿರುತ್ತಾರೆ. ಹಾಲೂಡುವುದು ಶಿಶುವಿನ ಪಾಲಿಗೆ ಟ್ರೆಡ್‌ಮಿಲ್. ಅದು ಆಂಜೈನಾ, ಹೃದಯಕ್ಕೆ ರಕ್ತ ಸಾಲದ ನೋವು. 1933ರಲ್ಲಿ ಬ್ಲಾಂಡ್, ವೈಟ್, ಗಾರ್ಲೆಂಡ್ ವಿವರಿಸಿದ ಶಿಶುವಿನಲ್ಲೂ ಹಾಲೂಡುವಾಗಿನ ಇಂಥ ನರಳಾಟವೇ ಮೊದಲ ಸುಳಿವು. ಕಾಯಿಲೆಗೆ ಅವರ ಹೆಸರೇ ಉಳಿಯಿತು.

ಉತ್ತರ: ಗೇಟಿಂಗ್ ಗುಂಗು

ಸಿ.ಟಿ. ಪ್ರೋಟೋಕಾಲ್ ಕೇಳಿದ್ದೀರಿ. ಬಡಿತ 150 ಎಂದರೆ ಒಂದು ಆರ್-ಆರ್ ಅಂತರ (ಒಂದು ಬಡಿತದಿಂದ ಇನ್ನೊಂದಕ್ಕೆ) 400 ಮಿಲಿಸೆಕೆಂಡ್. ಈ ವೇಗದಲ್ಲಿ ಡಯಾಸ್ಟೋಲ್‌ನಲ್ಲಿ ನಿಶ್ಚಲ ಕ್ಷಣವೇ ಇಲ್ಲ. ಎಂಡ್-ಸಿಸ್ಟೋಲ್ ಹಿಡಿಯಿರಿ, ಆರ್-ಆರ್‌ನ ಶೇ. 35-45, ಅಂದರೆ ಸುಮಾರು 140-180 ಮಿಲಿಸೆಕೆಂಡ್. ಪ್ರಾಸ್ಪೆಕ್ಟಿವ್ ಟ್ರಿಗರಿಂಗ್ (ಇಸಿಜಿ ನೋಡಿ ಆ ಕ್ಷಣಕ್ಕಷ್ಟೇ ಎಕ್ಸ್-ರೇ ಹಾಯಿಸುವುದು), 70-80 ಕೆವಿ, ಸ್ಲೈಸ್ 0.5-0.6 ಮಿ.ಮೀ.

ಬಡಿತ ಇಳಿಸಲು ಬೀಟಾ ಬ್ಲಾಕರ್ ಬೇಡವೇ ಬೇಡ. ಇಎಫ್ ಶೇ. 25 ಇರುವ ಈ ಹೃದಯ ಬಡಿತದ ಮೇಲೇ ಬದುಕಿದೆ. ನೈಟ್ರೋಗ್ಲಿಸರಿನ್ ಕೂಡ ಬೇಡ. ಬಿಪಿ ಬಿದ್ದರೆ ಕೊಲ್ಯಾಟರಲ್‌ಗೆ ನುಗ್ಗುವ ಒತ್ತಡವೂ ಬೀಳುತ್ತದೆ.

ಕಾಂಟ್ರಾಸ್ಟ್ ಕೆ.ಜಿ.ಗೆ 1.5-2 ಮಿ.ಲೀ. 5 ಕೆ.ಜಿ. ಮಗುವಿಗೆ 10 ಮಿ.ಲೀ., 24 ಗೇಜ್ ಸೂಜಿಯಲ್ಲಿ ಸೆಕೆಂಡಿಗೆ 1 ಮಿ.ಲೀ., ಹಿಂದೆಯೇ 5-8 ಮಿ.ಲೀ. ಸಲೈನ್. ಹೆಚ್ಚು ಸ್ಕ್ಯಾನ್ ಕೆಡುವುದು ಟೈಮಿಂಗ್‌ನಲ್ಲಿ. ಕುಹರ ಸೋತಿರುವುದರಿಂದ ಕಾಂಟ್ರಾಸ್ಟ್ ನಿಧಾನಕ್ಕೆ ಸಾಗುತ್ತದೆ; ಆರೋಗ್ಯವಂತ ಮಗುವಿನ ಲೆಕ್ಕದಲ್ಲಿ ಇಂತಿಷ್ಟು ಸೆಕೆಂಡ್ ಎಂದು ಕಾದು ಹೊಡೆದರೆ ಪಲ್ಮನರಿ ಆರ್ಟರಿ ಬೆಳಗಿರುತ್ತದೆ, ಅಯೋರ್ಟಾ ಖಾಲಿ. ಬೋಲಸ್ ಟ್ರ್ಯಾಕಿಂಗ್ ಇಟ್ಟು ಅಸೆಂಡಿಂಗ್ ಅಯೋರ್ಟಾ ಬೆಳ್ಳಗಾಗುವುದನ್ನು ಕಣ್ಣಲ್ಲೇ ನೋಡಿ ಕೈಯಿಂದ ಶುರುಮಾಡಿ.

ಓದುವಾಗ 3ಡಿ ಬಣ್ಣದ ಚಿತ್ರವನ್ನು ಕೊನೆಗೆ ತೆರೆಯಿರಿ. ಪಕ್ಕಪಕ್ಕದ ಎರಡು ನಾಳಗಳನ್ನು ಅದು ಬೆಸುಗೆ ಹಾಕಿಬಿಡುತ್ತದೆ. ಆಕ್ಸಿಯಲ್‌ನಲ್ಲಿ ನಾಳವನ್ನು ತುದಿಯಿಂದ ಬುಡಕ್ಕೆ ಹಿಂಬಾಲಿಸಿ, ಆಮೇಲೆ ಓರೆ ಎಂಪಿಆರ್ (ಬೇಕಾದ ಕೋನದಲ್ಲಿ ಮರುಜೋಡಿಸಿದ ಚಿತ್ರ). ಅಪರೂಪಕ್ಕೆ ಎಡ ಕರೋನರಿ ಬಲ ಪಲ್ಮನರಿ ಆರ್ಟರಿಯಿಂದ ಹೊರಟು ಅಯೋರ್ಟಾದ ಗೋಡೆಯೊಳಗೇ ಸ್ವಲ್ಪ ದೂರ ಸಾಗುತ್ತದೆ. ಎಕೋದಲ್ಲಿ ಇದು ಅಪ್ಪಟ ಸಹಜ ಕರೋನರಿಯಂತೆ ಕಾಣುತ್ತದೆ. ಸಿ.ಟಿ. ನಿಜಕ್ಕೂ ಬೆಲೆ ಬಾಳುವುದು ಇಲ್ಲಿ.

ಎಂಆರ್‌ಐ ದೊಡ್ಡ ಮಕ್ಕಳಿಗೆ, ವಯಸ್ಕರಿಗೆ. ಸಬ್‌ಎಂಡೋಕಾರ್ಡಿಯಲ್ (ಸ್ನಾಯುವಿನ ಒಳಪದರದ) ಕಲೆ ಎಷ್ಟಿದೆ ಎಂದು ತಿಳಿಯಲು. ಶಿಶುವಿಗೆ ಆಪರೇಷನ್ ಬೇಕೋ ಬೇಡವೋ ಎಂಬುದು ಅದರಿಂದ ಬದಲಾಗುವುದಿಲ್ಲ.

ಉತ್ತರ: ಬಟನ್ ಹೊಲಿಗೆ

ಮೇಲಿನವರ ಪ್ರೋಟೋಕಾಲ್‌ಗೆ ತಕರಾರಿಲ್ಲ. ಆದರೆ ‘ಎಲ್ಲರಿಗೂ ಸಿ.ಟಿ.’ ಎಂಬುದಕ್ಕೆ ನನ್ನ ಒಪ್ಪಿಗೆಯಿಲ್ಲ. ಎಲ್‌ಎಡಿಯಲ್ಲಿ ಹಿಮ್ಮುಖ ಹರಿವು, ಪಲ್ಮನರಿ ಆರ್ಟರಿಯಲ್ಲಿ ಜೆಟ್, ನಾಳದ ಬಾಯಿ, ಈ ಮೂರೂ ಎಕೋದಲ್ಲಿ ಸ್ಪಷ್ಟವಿದ್ದರೆ ಅಷ್ಟರ ಮೇಲೇ ಆಪರೇಷನ್ ಮಾಡಬಹುದು. ಸ್ಕ್ಯಾನ್‌ಗೆಂದು ಕೊಡುವ ಸೆಡೇಶನ್ ಈ ಮಗುವಿಗೆ ಸಣ್ಣ ವಿಷಯವಲ್ಲ. ಬಿಪಿ ಇಳಿದು ಟೇಬಲ್ ಮೇಲೇ ಹೃದಯ ನಿಲ್ಲಬಹುದು. ಎಳೆಯ ಶಿಶುವನ್ನು ಹಾಲುಣಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿಯೇ ಮಾಡಲಾಗುವುದಾದರೆ ಮಾಡಿ. ಎಕೋ ಅಸ್ಪಷ್ಟವಿದ್ದರೆ ಸಿ.ಟಿ.; ಅದೂ ಅಸ್ಪಷ್ಟವಾದರೆ ಕ್ಯಾಥ್‌ನಲ್ಲಿ ಅಯೋರ್ಟಾಕ್ಕೆ ಡೈ. ಮೊದಲು ಬಲ ಕರೋನರಿ, ತಡವಾಗಿ ಎಡ ಕರೋನರಿ, ಕೊನೆಗೆ ಪಲ್ಮನರಿ ಆರ್ಟರಿ ಮಸುಕಾಗಿ ತುಂಬಿದರೆ ಮಾತು ಮುಗಿಯಿತು.

ರಿಪೋರ್ಟಿನಲ್ಲಿ ಬರಿ ‘ಅಲ್ಕಾಪಾ’ ಎಂದು ಬರೆದರೆ ಅರ್ಧ ಕೆಲಸ. ಪಲ್ಮನರಿ ಕವಾಟದ ಯಾವ ಸೈನಸ್ಸಿನಿಂದ ಹೊರಟಿದೆ? ಅಯೋರ್ಟಾದಿಂದ ಎಷ್ಟು ಮಿ.ಮೀ. ದೂರ? ಕವಲೊಡೆಯುವ ಮುನ್ನ ಕಾಂಡ ಎಷ್ಟು ಉದ್ದ? ಗೋಡೆಯೊಳಗೆ ಸಾಗುತ್ತಿದೆಯೇ? ಅಯೋರ್ಟಾಕ್ಕೆ ಮುಖಮಾಡಿದ ಹಿಂಬದಿಯ ಸೈನಸ್ ಆದರೆ, ನಾಳದ ಬಾಯಿಯನ್ನು ಸುತ್ತಲಿನ ಗೋಡೆಯ ಸಮೇತ ಗುಂಡಿಯಂತೆ ಕತ್ತರಿಸಿ ನೇರ ಅಯೋರ್ಟಾಕ್ಕೆ ಹೊಲಿಯಬಹುದು. ಎದುರು ಬದಿಯದಾದರೆ ಎಟುಕುವುದಿಲ್ಲ. ಪಲ್ಮನರಿ ಗೋಡೆಯಿಂದಲೇ ಕೊಳವೆ ಕಟ್ಟಿ ಉದ್ದ ಮಾಡಬೇಕು, ಅಥವಾ ಟಕೆಯುಚಿ 1979ರಲ್ಲಿ ವಿವರಿಸಿದ ಸುರಂಗ. ಸುರಂಗಕ್ಕೆ ಆಮೇಲಿನ ತಾಪತ್ರಯಗಳಿವೆ: ಪಲ್ಮನರಿ ಆರ್ಟರಿ ಇಕ್ಕಟ್ಟಾಗುತ್ತದೆ, ಹೊಲಿಗೆ ಸೋರುತ್ತದೆ.

ಇನ್ನೊಂದು ಕಾರಣಕ್ಕೂ ಮೂಲ ಮೊದಲೇ ಗೊತ್ತಿರಬೇಕು. ಅಯೋರ್ಟಾಕ್ಕೆ ಕೊಟ್ಟ ಕಾರ್ಡಿಯೋಪ್ಲೀಜಿಯಾ (ಆಪರೇಷನ್ ವೇಳೆ ಹೃದಯ ನಿಲ್ಲಿಸಿ ಕಾಯುವ ದ್ರವ) ಅದೇ ತೂಬಿನಲ್ಲಿ ಶ್ವಾಸಕೋಶಕ್ಕೆ ಹರಿದುಹೋಗುತ್ತದೆ, ಎಡ ಕುಹರಕ್ಕೆ ರಕ್ಷಣೆ ಸಿಗುವುದಿಲ್ಲ. ಬೈಪಾಸ್ ಶುರುವಾದ ಕೂಡಲೇ ಎರಡೂ ಪಲ್ಮನರಿ ಕವಲುಗಳನ್ನು ಬಿಗಿಯಬೇಕು. ಮೈಟ್ರಲ್ ಸೋರಿಕೆಗೆ ಅಂದೇ ಕೈ ಹಾಕುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ರಕ್ತ ಸಿಕ್ಕಿದ ಮೇಲೆ ಕುಹರ ತಿಂಗಳುಗಳಲ್ಲಿ ಕುಗ್ಗುತ್ತದೆ, ಸೋರಿಕೆಯೂ ತಗ್ಗುತ್ತದೆ.

ಪ್ರತಿಪ್ರಶ್ನೆ: ಅಡ್ಡಕೊಯ್ತ

ಒಂದು ಉಳಿಯಿತು. ದೊಡ್ಡ ಪಿಡಿಎ ಅಥವಾ ವಿಎಸ್‌ಡಿ (ಕುಹರಗಳ ನಡುವಿನ ಗೋಡೆಯ ತೂತು) ಜೊತೆಗಿದ್ದು, ಪಲ್ಮನರಿ ಒತ್ತಡ ಹೆಚ್ಚಿದ್ದರೆ ನೀಲಿ-ಕೆಂಪು ಲೆಕ್ಕ ನಡೆಯುತ್ತದೆಯೇ?

ಉತ್ತರ: ನೈಕ್ವಿಸ್ಟ್

ನಡೆಯುವುದಿಲ್ಲ. ಅದನ್ನು ಮೊದಲ ಉತ್ತರದಲ್ಲೇ ಬರೆಯಬೇಕಿತ್ತು. ಒತ್ತಡ ಹೆಚ್ಚಿರುವಾಗ ಪಲ್ಮನರಿ ಆರ್ಟರಿಯೇ ಎಡ ಕರೋನರಿಗೆ ಮುಮ್ಮುಖವಾಗಿ ರಕ್ತ ತಳ್ಳುತ್ತದೆ. ಎಲ್‌ಎಡಿ ಕೆಂಪು, ಜೆಟ್ ಇಲ್ಲ, ಬಲ ಕರೋನರಿ ಸಪೂರ, ಕುಹರವೂ ಚೆನ್ನಾಗಿ ಬಡಿಯುತ್ತಿರುತ್ತದೆ. ಪಿಡಿಎ ಕಟ್ಟಿದ ಮೇಲೆ ಒತ್ತಡ ಇಳಿದು ಕುಹರ ಕುಸಿಯುತ್ತದೆ. ಹುಟ್ಟಿದ ಮೊದಲ ವಾರಗಳ ಎಕೋಗೂ ಇದೇ ಮಾತು. ಆಗ ‘ನಾರ್ಮಲ್’ ಬಂದದ್ದನ್ನು 3ನೇ ತಿಂಗಳಲ್ಲಿ ಸಾಕ್ಷಿಯಾಗಿ ಹಿಡಿಯಬೇಡಿ.

ಇಂಥ ಮಕ್ಕಳಲ್ಲಿ ದಿಕ್ಕು ಸಾಲದು, ಬಾಯಿಯೇ ಕಾಣಬೇಕು: ಬಣ್ಣ ಅಯೋರ್ಟಾದ ಒಳಗಿನಿಂದ ಗೋಡೆ ದಾಟಿ ಎಡ ಕರೋನರಿಯೊಳಗೆ ಹೋಗುವುದು ಒಂದೇ ಫ್ರೇಮ್‌ನಲ್ಲಿ ಸಿಗಬೇಕು. ಸಿಗದಿದ್ದರೆ ‘ಕರೋನರಿ ನಾರ್ಮಲ್’ ಎಂಬ ಟೆಂಪ್ಲೇಟ್ ಸಾಲು ಅಳಿಸಿ ‘ಎಡ ಕರೋನರಿಯ ಮೂಲ ಕಾಣಿಸಲಿಲ್ಲ’ ಎಂದು ಟೈಪ್ ಮಾಡಿ. ಪಿಡಿಎ ಮುಚ್ಚುವವರು ಆ ಸಾಲು ನೋಡಿ ಸಿ.ಟಿ. ಕೇಳುತ್ತಾರೆ.