ದ್ರಾಕ್ಷಿ ಬಳ್ಳಿ ತುಂಬಾ ಎಲೆ, ಗೊಂಚಲೇ ಇಲ್ಲ: ಯಾವಾಗ, ಎಲ್ಲಿಗೆ ಕತ್ತರಿಸಬೇಕು?

ಪ್ರಶ್ನೆ (ಶಿರಸಿ, ಹುಲೇಕಲ್ ಕಡೆ):
ಅಂಗಳದ ಚಪ್ಪರಕ್ಕೆ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ಹಬ್ಬಿಸಿದ್ದೇವೆ. ಬುಡ ಗಟ್ಟಿ ಇದೆ, ಗೊಬ್ಬರಕ್ಕೂ ಕೊರತೆ ಇಲ್ಲ. ಪ್ರತಿ ಡಿಸೆಂಬರ್‌ನಲ್ಲಿ ಎಲ್ಲ ಕಡ್ಡಿಗಳನ್ನೂ ಎರಡು ಕಣ್ಣಿಗೆ (ಚಿಗುರೊಡೆಯುವ ಮೊಗ್ಗಿಗೆ) ಕತ್ತರಿಸುತ್ತೇವೆ. ಚಿಗುರು ಚೆನ್ನಾಗಿ ಬರುತ್ತದೆ, ಹೂವು ಮಾತ್ರ ಇಲ್ಲ. ಪಕ್ಕದ ಹಿಪ್ಪುನೇರಳೆ ಹೇಗೆ ಕತ್ತರಿಸಿದರೂ ಹಣ್ಣು ಬಿಡುತ್ತದೆ. ಇದಕ್ಕೇನಾಗಿದೆ?

ಉತ್ತರ (ಸಿದ್ದಾಪುರ, ವಿಜಯಪುರದ ತಿಕೋಟಾ ಕಡೆಯ ತೋಟದಲ್ಲಿ ಚಾಟ್ನಿ, ಅಂದರೆ ಬಳ್ಳಿ ಸವರುವುದು, ಕಲಿತವನು):
ಬಳ್ಳಿಗೆ ರೋಗವಿಲ್ಲ. ಹಿಪ್ಪುನೇರಳೆ ಲೆಕ್ಕ ಬೇರೆ, ಸವರಿದರೆ ಹೊಸ ಚಿಗುರಿನ ಜೊತೆಗೇ ಕಾಯಿ ಬರುತ್ತದೆ. ದ್ರಾಕ್ಷಿಯ ಗೊಂಚಲು ಹಾಗಲ್ಲ, ನೀವು ಕತ್ತರಿ ಹಿಡಿಯುವ ಎಷ್ಟೋ ತಿಂಗಳ ಮೊದಲೇ ಅದು ಕಣ್ಣಿನೊಳಗೆ ಹುಟ್ಟಿರಬೇಕು. ಥಾಮ್ಸನ್‌ನಲ್ಲಿ ಬುಡದ ಒಂದೆರಡು ಕಣ್ಣು ಹೆಚ್ಚಾಗಿ ಬರಡು. ನೀವು ಉಳಿಸುತ್ತಿರುವುದು ಅವನ್ನೇ, ಫಲದ ಕಣ್ಣು ಕಸಕ್ಕೆ ಹೋಗುತ್ತಿದೆ.

ವಿಜಯಪುರದಲ್ಲಿ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್‌ನಲ್ಲಿ ಒಂದೆರಡು ಕಣ್ಣಿಗೆ ಗಿಡ್ಡ ಮಾಡುತ್ತಾರೆ, ಅದು ಕಡ್ಡಿ ಬೆಳೆಸಲಿಕ್ಕೆ. ಅಕ್ಟೋಬರ್‌ನಲ್ಲಿ ಆ ಕಡ್ಡಿಯಲ್ಲಿ ಆರೆಂಟು ಕಣ್ಣು ಬಿಟ್ಟು ಕತ್ತರಿಸುತ್ತಾರೆ, ಅದು ಹಣ್ಣಿಗೆ. ಮೊದಲ ಚಾಟ್ನಿಯಾಗಿ ಸುಮಾರು 40ರಿಂದ 60 ದಿನಕ್ಕೆ ಕಣ್ಣಿನಲ್ಲಿ ಫಲ ಕಟ್ಟುತ್ತದೆ. ಆಗ ಎಲೆಗೆ, ಕಡ್ಡಿಗೆ ಒಳ್ಳೆ ಬಿಸಿಲು ಬೀಳಲೇಬೇಕು. ನಮ್ಮ ಕಡೆ ತೊಡಕಾಗುವುದು ಇಲ್ಲೇ. ಏಪ್ರಿಲ್ ಕೊನೆಗೆ ಕತ್ತರಿಸಿದರೆ ಆ ದಿನಗಳು ಜೂನ್ ಮೋಡದಲ್ಲಿ ಸಿಕ್ಕಿಬೀಳುತ್ತವೆ. ಹಾಗಾಗಿ ಶಿರಸಿಯಲ್ಲಿ ಗಿಡ್ಡ ಚಾಟ್ನಿಯನ್ನು ಮಾರ್ಚ್ ಮೊದಲ ವಾರವೇ ಮಾಡಿ ಅಂತ ನನ್ನ ಸಲಹೆ. ಹಣ್ಣಿನ ಚಾಟ್ನಿಗೆ ಮಳೆ ಪೂರ್ತಿ ಹಿಂದೆ ಸರಿಯಲಿ, ಅಕ್ಟೋಬರ್ ಕೊನೆಯಾದರೂ ಅಡ್ಡಿಯಿಲ್ಲ.

ಕತ್ತರಿಸುವ ಮೊದಲು ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡಿ. ಪೆನ್ಸಿಲ್ ದಪ್ಪ, ಕಂದು ಬಣ್ಣ, ಬಗ್ಗಿಸಿದರೆ ಗಟ್ಟಿ ಇದ್ದರೆ ಅದು ಮಾಗಿದ ಕಡ್ಡಿ. ಹಸಿರಾಗಿ ಮೆತ್ತಗಿದ್ದರೆ ತೆಗೆದುಬಿಡಿ. ಉಬ್ಬಿ ದುಂಡಗಿರುವ ಕಣ್ಣಿನ ಮೇಲೆ ನಂಬಿಕೆ ಇಡಬಹುದು. ಚಪ್ಪಟೆಯಾಗಿ ಚೂಪಾಗಿರುವುದು ಸಾಮಾನ್ಯವಾಗಿ ಬರೀ ಎಲೆ ಕೊಡುತ್ತದೆ. ಕೊನೆಯ ಕಣ್ಣಿನಿಂದ ಒಂದು ಬೆರಳಗಲ ಮೇಲೆ ಕತ್ತರಿ ಹಾಕಿ, ತೀರಾ ಹತ್ತಿರ ಹಾಕಿದರೆ ಕಣ್ಣೇ ಒಣಗುತ್ತದೆ.

(ಕುಮಟಾ): ಅಡಿಕೆಗೆ ಹೊಡೆಯುವ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಇದಕ್ಕೂ ಆಗುತ್ತದಾ?

ಉತ್ತರ (ಸಿದ್ದಾಪುರ): ಆಗುತ್ತದೆ. ಅದು ಮೊದಲು ಬಳಕೆಗೆ ಬಂದದ್ದೇ ದ್ರಾಕ್ಷಿಯ ಬೂಜು ರೋಗಕ್ಕೆ, ಫ್ರಾನ್ಸಿನ ಬೋರ್ಡೋದಲ್ಲಿ, 1880ರ ದಶಕದಲ್ಲಿ. ಚಾಟ್ನಿಯಾದ ಬೋಳು ಕಡ್ಡಿಗೆ ಶೇಕಡಾ 1ರ ದ್ರಾವಣ ಸಾಕು. ಎಳೆ ಚಿಗುರಿಗೆ ಅಷ್ಟು ಗಟ್ಟಿ ಬೇಡ, ಸುಟ್ಟುಹೋಗುತ್ತದೆ. ಕರಾವಳಿಯ ತೇವಕ್ಕೆ ಚಪ್ಪರದಲ್ಲಿ ಗಾಳಿಯಾಡಬೇಕು, ಒತ್ತೊತ್ತಾಗಿ ಬಂದ ಚಿಗುರನ್ನು ಸಣ್ಣದಿರುವಾಗಲೇ ಚಿವುಟಿ.

(ಹುಲೇಕಲ್): ತಿಕೋಟಾದಲ್ಲಿ ಕಣ್ಣು ಒಡೆಯಲಿಕ್ಕೆ ಏನೋ ಔಷಧ ಹಚ್ಚುತ್ತಾರಂತಲ್ವಾ? ನಾವೂ ತರಬೇಕಾ?

ಉತ್ತರ (ಸಿದ್ದಾಪುರ): ಹೈಡ್ರೋಜನ್ ಸಯನಮೈಡ್. ಅದು ವಿಷ, ಮಕ್ಕಳು ಓಡಾಡುವ ಅಂಗಳಕ್ಕೆ ದಯವಿಟ್ಟು ತರಬೇಡಿ. ಹಣ್ಣಿನ ಚಾಟ್ನಿಗೆ ವಾರ ಮುಂಚೆ ಎಲೆಗಳನ್ನು ಕೈಯಿಂದ ಕಿತ್ತುಬಿಡಿ. ಮನೆಯ ಒಂದು ಬಳ್ಳಿಗೆ ಅಷ್ಟು ಸಾಕು. ಕತ್ತರಿಸಿದಲ್ಲಿ ನೀರು ತೊಟ್ಟಿಕ್ಕಿದರೆ ಹೆದರಬೇಡಿ, ಕೆಲವು ದಿನಕ್ಕೆ ತಾನಾಗಿ ನಿಲ್ಲುತ್ತದೆ. ಈ ಡಿಸೆಂಬರ್ ಮಾತ್ರ ಕತ್ತರಿ ಮುಟ್ಟಬೇಡಿ, ನೇರ ಮಾರ್ಚ್‌ಗೆ ಶುರು ಮಾಡಿ.