ಲೆಡ್ ಜೆಪ್ಲಿನ್ ಮೊದಲ ಆಲ್ಬಂ ಔಟ್‌ಟೇಕ್ಸ್ ಎಲ್ಲಿ? ಡೀಲಕ್ಸ್‌ನಲ್ಲಿ ಬರೀ ಪ್ಯಾರಿಸ್ ಲೈವ್ ಐತಲ್ಲ

ಪಿಜೆ_ಬಡಾವಣೆ_ರಿಫ್

ಎಲ್ರಿಗೂ ನಮಸ್ಕಾರ, ದಾವಣಗೆರೆಯಿಂದ. ನಾನು ಈ ಇಂಗ್ಲಿಷ್ ರಾಕ್ ಬ್ಯಾಂಡ್ ಜೆಪ್ಲಿನ್‌ಗೆ ತಡವಾಗಿ ಬಂದೋನು, ಮೊದ್ಲೆಲ್ಲ ಮೆಟಾಲಿಕಾ, ಮೇಡನ್ ಅಷ್ಟೇ, ಕಾಲೇಜ್ ಬ್ಯಾಂಡ್‌ನಲ್ಲಿ ಗಿಟಾರ್ ಹಿಡಿದ್ಮೇಲೆ ಹಿಂದಕ್ಕೆ ಹೋಗ್ತಾ ಹೋಗ್ತಾ ಈಗ 1968ಕ್ಕೆ ಬಂದು ನಿಂತೀನಿ. ವಿಷಯ ಏನಂದ್ರೆ, 2014ರಿಂದ ಅವ್ರ ಗಿಟಾರಿಸ್ಟ್ ಜಿಮ್ಮಿ ಪೇಜ್ ಮುಂದೆ ನಿಂತು ಎಲ್ಲಾ ಆಲ್ಬಂ ರೀಮಾಸ್ಟರ್ ಮಾಡ್ಸಿ, ಅಂದ್ರೆ ಹಳೇ ಟೇಪ್‌ನ ಸೌಂಡ್ ತಿದ್ದಿ, ಡೀಲಕ್ಸ್ ಅಂತ ಒಂದೊಂದಕ್ಕೂ ಜೊತೆಗೆ ಎಕ್ಸ್ಟ್ರಾ ಡಿಸ್ಕ್ ಕೊಟ್ರಲ್ಲ, ಅದನ್ನ ಈಗ ಕೂತು ಕೇಳ್ತಿದೀನಿ. ಮೊದಲ ಆಲ್ಬಂ ಜೊತೆಗಿನ ಡಿಸ್ಕ್ ಅಂದ್ರೆ ಔಟ್‌ಟೇಕ್ಸ್ ಅಂತಾರಲ್ಲ, ಸ್ಟುಡಿಯೋದಲ್ಲಿ ಕೈಬಿಟ್ಟ ಹಾಡು, ಬೇರೆ ಟೇಕು (ಅದೇ ಹಾಡನ್ನ ಇನ್ನೊಂದ್ಸಲ ನುಡಿಸಿ ರೆಕಾರ್ಡ್ ಮಾಡಿದ್ದು), ಮಧ್ಯೆ ಮಧ್ಯೆ ಬೈದಾಡಿದ್ದು ಎಲ್ಲಾ ಇರುತ್ತೆ ಅಂತ ಆಸೆಯಿಂದ ಹಾಕಿದ್ರೆ 1969 ಅಕ್ಟೋಬರ್‌ದು ಪ್ಯಾರಿಸ್ ಒಲಿಂಪಿಯಾ ಕನ್ಸರ್ಟ್! ಲೈವ್ ಬೆಂಕಿ ಐತೆ, ಅದರ ಬಗ್ಗೆ ತಕರಾರಿಲ್ಲ, ಆದ್ರೆ ನನಗೆ ಬೇಕಾಗಿದ್ದು ಅದಲ್ಲ.

ಎರಡನೇ ಆಲ್ಬಂದು ಸ್ಟುಡಿಯೋದ್ದೇ ಐತೆ, ಸರಿ. ಆದ್ರೆ ಅರ್ಧಕ್ಕರ್ಧ ಅದೇ ಹಾಡನ್ನ ಇನ್ನೊಂದ್ಸಲ ಕೇಳ್ದಂಗಾಯ್ತು. ನಮ್ಮ ಡ್ರಮ್ಮರ್ ಅಂತೂ "ಅದೇ ಟೇಕ್ ಕಣೋ, ವಾಲ್ಯೂಮ್ ಹೆಚ್ಚುಕಮ್ಮಿ ಮಾಡಿ ಎರಡನೇ ಸಲ ಮಾರ್ತಾವ್ರೆ" ಅಂತ ನಗಾಡ್ತಾನೆ.

ಹಂಗಾಗಿ ಕೇಳ್ತಿರೋದು, ಮೊದಲ ಆಲ್ಬಂ ಸೆಷನ್‌ನ ಉಳಿಕೆ ಅಂತ ಏನಾದ್ರೂ ಅಧಿಕೃತವಾಗಿ ಬಂದೈತಾ ಇಲ್ವಾ? ಬಂದಿದ್ರೆ ಅವು ಆವತ್ತು ಹೆಂಗಿತ್ತೋ ಹಂಗೇ ಇರೋವಾ ಇಲ್ಲ ಆಮೇಲೆ ತೇಪೆ ಹಾಕಿರೋವಾ? ಗೊತ್ತಿರೋರು ಹೇಳ್ರಪ್ಪ.

---

ದುರ್ಗದ_ಹಳೇಸ್ಪೂಲ್

ತಮ್ಮಾ, ನೀನು ಹುಡುಕ್ತಿರೋದು ಐತೆ, ಆದ್ರೆ ಬೇರೆ ಡಬ್ಬಿಯೊಳಗೈತೆ. ಮೊದಲ ಆಲ್ಬಂನ ಉಳಿಕೆ ಹೋಗಿ ಕೂತಿರೋದು ಕೊನೇ ಆಲ್ಬಂ 'ಕೋಡಾ'ದ ಡೀಲಕ್ಸ್‌ನಲ್ಲಿ. 2015 ಜುಲೈ ಕೊನೇಲಿ ಬಂತು, ಅದಕ್ಕೆ ಒಂದಲ್ಲ ಎರಡು ಎಕ್ಸ್ಟ್ರಾ ಡಿಸ್ಕ್. ಅದರೊಳಗೆ 'ಶುಗರ್ ಮಾಮಾ', 'ಬೇಬಿ ಕಮ್ ಆನ್ ಹೋಮ್' ಅಂತ ಎರಡು ನೋಡು. ಎರಡೂ 1968ರ ಲಂಡನ್ ಒಲಿಂಪಿಕ್ ಸ್ಟುಡಿಯೋ ಸೆಷನ್‌ನವು, ಮೊದಲ ಆಲ್ಬಂ ಹುಟ್ಟಿದ ಜಾಗದಲ್ಲೇ, ಅದೇ ದಿನಗಳಲ್ಲಿ. 'ಬೇಬಿ ಕಮ್ ಆನ್ ಹೋಮ್' ಅದಕ್ಕೂ ಮುಂಚೆ 1993ರ ಬಾಕ್ಸ್ ಸೆಟ್‌ನಲ್ಲಿ ಬಂದಿತ್ತು, 'ಶುಗರ್ ಮಾಮಾ' ಮಾತ್ರ 47 ವರ್ಷ ಒಳಗೇ ಇತ್ತು. ಆ 'ಬೇಬಿ...' ಟೇಪ್ ಮೇಲೆ ಬ್ಯಾಂಡ್ ಹೆಸರು ಲೆಡ್ ಜೆಪ್ಲಿನ್ ಅಂತ ಇರ್ಲಿಲ್ಲ, ಯಾರ್ಡ್‌ಬರ್ಡ್ಸ್ ಅಂತ ಬರ್ದಿತ್ತು. ಪೇಜ್‌ದು ಆ ಹಳೇ ಬ್ಯಾಂಡ್ ಮುರಿದು ಬಿದ್ದಿತ್ತು, ಆದ್ರೆ ಸ್ಕ್ಯಾಂಡಿನೇವಿಯಾದಲ್ಲಿ ಮೊದಲೇ ಒಪ್ಕೊಂಡ ಕಾರ್ಯಕ್ರಮ ಇದ್ವಲ್ಲ, ಹೊಸ ಮೂವರನ್ನ ಕೂಡಿಸ್ಕೊಂಡು 1968 ಸೆಪ್ಟೆಂಬರ್‌ನಲ್ಲಿ ಹಳೇ ಹೆಸರಲ್ಲೇ ನುಡಿಸಿ ಬಂದು, ನೇರ ಸ್ಟುಡಿಯೋಗೆ ಇಳಿದ್ರು.

ಉಳಿಕೆ ಯಾಕೆ ಇಷ್ಟು ಕಮ್ಮಿ ಅನ್ನೋದಕ್ಕೂ ಇದೇ ಕಾರಣ. ಹಾಡುಗಳು ಸ್ಟೇಜ್ ಮೇಲೇ ಪಳಗಿದ್ವು. ಇನ್ನೂ ಯಾವ ಕಂಪನಿಯೂ ಕೈ ಹಿಡಿದಿರ್ಲಿಲ್ಲ, ಅಟ್ಲಾಂಟಿಕ್ ಜೊತೆ ಒಪ್ಪಂದ ಆಗಿದ್ದು ಆಮೇಲೆ ನವೆಂಬರ್‌ನಲ್ಲಿ, ಹಂಗಾಗಿ ಸ್ಟುಡಿಯೋ ಬಾಡಿಗೆ ಪೇಜ್ ಜೇಬಿಂದ. ಪೇಜ್ ಹೇಳೋ ಲೆಕ್ಕದಲ್ಲಿ ಮಿಕ್ಸಿಂಗೂ ಸೇರಿ ಇಡೀ ಆಲ್ಬಂಗೆ 36 ಗಂಟೆ ಅಷ್ಟೇ. ಗಂಟೆ ಲೆಕ್ಕದಲ್ಲಿ ಸ್ವಂತ ದುಡ್ಡು ಹೋಗ್ತಿರುವಾಗ ಯಾರು ಇಪ್ಪತ್ತು ಟೇಕ್ ತಗೊಂತಾರೆ ಹೇಳು. ಉಳಿಯೋಕೆ ಏನಾದ್ರೂ ಇದ್ರೆ ತಾನೇ ಉಳಿಯೋದು, ಅದಕ್ಕೇ ಆ ಡೀಲಕ್ಸ್‌ಗೆ ಪ್ಯಾರಿಸ್ ಲೈವ್ ಹಾಕಿ ತುಂಬಿಸಿರ್ಬೇಕು ಅಂತ ನನ್ನ ಅನುಮಾನ.

ಇನ್ನು ನಿಮ್ಮ ಡ್ರಮ್ಮರ್ ಮಾತು ಪೂರ್ತಿ ಸುಳ್ಳಲ್ಲ. ಆ ಡಿಸ್ಕ್‌ಗಳಲ್ಲಿ ರಫ್ ಮಿಕ್ಸೇ ಜಾಸ್ತಿ, ಅಂದ್ರೆ ಎಷ್ಟೋ ಕಡೆ ನುಡಿಸಿದ್ದು ಅದೇ, ಕೆಲಸ ನಡೀತಿರುವಾಗ ಆವತ್ತಿಗೆ ಹೆಂಗೈತೆ ಅಂತ ಕೇಳ್ಕೊಳ್ಳೋಕೆ ಮಾಡ್ಕೊಂಡ ಪ್ರತಿ. ಬೇರೆ ಟೇಕು ಅಲ್ಲಲ್ಲಿ. ಯಾವತ್ತೂ ಹೊರಗೆ ಬರದ ಹಾಡು ಅಂದ್ರೆ ಇನ್ನೂ ಕಮ್ಮಿ, ಎರಡನೇ ಆಲ್ಬಂನಲ್ಲಿ 'ಲಾ ಲಾ' ಅನ್ನೋ ಇನ್‌ಸ್ಟ್ರುಮೆಂಟಲ್ ಒಂದೇ ಅಂಥದ್ದು. ನೀನು ಮೂರನೇ ಆಲ್ಬಂಗೆ ಹೋಗು, ಅಸಲಿ ಮಾಲು ಅಲ್ಲೈತೆ. 'ಜೆನ್ನಿಂಗ್ಸ್ ಫಾರ್ಮ್ ಬ್ಲೂಸ್' ಹಾಕು ಮೊದ್ಲು. ಎಲೆಕ್ಟ್ರಿಕ್ ಗಿಟಾರ್ ಮೇಲೆ ಗಿಟಾರ್ ಪೇರ್ಸಿ ಒಳ್ಳೆ ದಪ್ಪ ರಾಕ್ ಹಾಡು ಮಾಡಿಟ್ಟವ್ರೆ. ಅದನ್ನ ಕೇಳಿ ಆದ್ಮೇಲೆ ಆಲ್ಬಂನಲ್ಲಿರೋ 'ಬ್ರಾನ್-ವೈ-ಆರ್ ಸ್ಟಾಂಪ್' ಕೇಳು, ಅದೇ ಟ್ಯೂನು, ಆದ್ರೆ ಅಕೌಸ್ಟಿಕ್ಕು, ಚಪ್ಪಾಳೆ, ಕಾಲು ಕುಟ್ಟೋದು, ಜಾತ್ರೆ ಥರ. ಅಷ್ಟು ಖರ್ಚು ಮಾಡಿ ಕಟ್ಟಿದ್ದನ್ನ ಪೂರ್ತಿ ಕೆಡವಿ ಬೇರೆ ಥರ ಕಟ್ಟೋ ಧೈರ್ಯ ಐತಲ್ಲ, ಅದು ಫೈನಲ್ ಆಲ್ಬಂ ಕೇಳಿದ್ರೆ ಗೊತ್ತೇ ಆಗಲ್ಲ. ಅದೇ ಡಿಸ್ಕ್‌ನಲ್ಲಿ 'ಸಿನ್ಸ್ ಐ ಹ್ಯಾವ್ ಬೀನ್ ಲವಿಂಗ್ ಯೂ'ನ ಮೊದಲ ರೆಕಾರ್ಡಿಂಗೂ ಐತೆ, ಅದು ನಿಜವಾಗ್ಲೂ ಬೇರೆ ಟೇಕು. ಡ್ರಮ್ಮರ್‌ಗೆ ಕೇಳ್ಸು, ಆಮೇಲೆ ನಗಾಡ್ಲಿ.

---

ಮಂಡಕ್ಕಿ_ಮಿಕ್ಸ್

ಸ್ಪೂಲ್ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ರಫ್ ಮಿಕ್ಸ್ ಅಂದ್ರೆ ಎರಡನೇ ದರ್ಜೆ ಅಂತ ಬಿಡಬ್ಯಾಡ್ರಿ. ನಾನು ಇಲ್ಲೇ ದಾವಣಗೆರೆಯಲ್ಲಿ ಸಣ್ಣ ಸ್ಟುಡಿಯೋ ನಡೆಸ್ತೀನಿ, ಜಾನಪದ, ಭಕ್ತಿಗೀತೆ, ಆರ್ಕೆಸ್ಟ್ರಾದೋರ ಟ್ರ್ಯಾಕು ಇದೇ ನಮ್ಮ ಕೆಲಸ, ರಾಕು ವರ್ಷಕ್ಕೊಮ್ಮೆ ಯಾರಾದ್ರೂ ಹುಡುಗ್ರು ಬಂದ್ರೆ ಉಂಟು. ಕೆಲಸ ಮಾಡೋನ ಕಿವಿಗೆ ಫೈನಲ್‌ಗಿಂತ ಇವೇ ಪಾಠ. 'ಹೋಲ್ ಲಾಟ್ಟಾ ಲವ್' ರಫ್ ಮಿಕ್ಸ್ ಇನ್ನೊಮ್ಮೆ ಕೇಳಿ, ಫೈನಲ್‌ನಲ್ಲಿರೋ ಎಷ್ಟೋ ಪದರ ಇನ್ನೂ ಸೇರಿಲ್ಲ, ಮೈ ಮೇಲೆ ಮಾಂಸ ಇಲ್ಲ, ಆದ್ರೂ ಆ ರಿಫ್ಫೂ ಡ್ರಮ್ಮೂ ನಿಂತೈತೆ. ಹಾಡು ನಿಲ್ಲೋಕೆ ಏನು ಸಾಕು, ಆಮೇಲೆ ಏನು ಬರೀ ಅಲಂಕಾರ ಅಂತ ಎರಡನ್ನೂ ಪಕ್ಕದಲ್ಲಿಟ್ಟು ಕೇಳಿದ್ರೆ ತಿಳಿಯುತ್ತೆ. ಫೈನಲ್‌ನಲ್ಲಿ ಕೊನೆಗೆ ಗಾಯಕ ಪ್ಲಾಂಟ್ ಧ್ವನಿ ಬರೋಕೆ ಮುಂಚೆ ಒಂದು ದೆವ್ವದ ಥರ ಧ್ವನಿ ಮೆಲ್ಲಗೆ ಬರುತ್ತಲ್ಲ, ಅದು ಬೇಕಂತ ಮಾಡಿದ್ದಲ್ಲ, ಟೇಪ್‌ನಲ್ಲಿ ಹಳೇ ಗಾಯನ ಒಸರಿ ಬರ್ತಿತ್ತು, ಎಷ್ಟು ಮಾಡಿದ್ರೂ ಹೋಗ್ಲಿಲ್ಲ ಅಂತ ಇಂಜಿನಿಯರ್ ಎಡ್ಡಿ ಕ್ರೇಮರೂ ಪೇಜೂ ಸೇರ್ಕೊಂಡು ಅದಕ್ಕೇ ಇನ್ನಷ್ಟು ರಿವರ್ಬ್ (ಪ್ರತಿಧ್ವನಿ) ಹಾಕಿ ಹಾಡಿನ ಭಾಗ ಮಾಡ್ಬಿಟ್ರು.

ನಾಲ್ಕನೇ ಆಲ್ಬಂ ಡೀಲಕ್ಸ್‌ದು ಇನ್ನೂ ಮಜ. 'ಸ್ಟೇರ್‌ವೇ ಟು ಹೆವನ್' ಸನ್‌ಸೆಟ್ ಸೌಂಡ್ ಮಿಕ್ಸ್ ಅಂತ ಒಂದೈತೆ. ಏನಾಯ್ತಂದ್ರೆ ಪೇಜೂ ಇಂಜಿನಿಯರ್ ಆಂಡಿ ಜಾನ್ಸೂ ಟೇಪ್ ಕಟ್ಕೊಂಡು ಲಾಸ್ ಏಂಜಲೀಸ್‌ಗೆ ಹೋಗಿ ಸನ್‌ಸೆಟ್ ಸೌಂಡ್ ಸ್ಟುಡಿಯೋದಲ್ಲಿ ಇಡೀ ಆಲ್ಬಂ ಮಿಕ್ಸ್ ಮಾಡಿದ್ರು, ಅಲ್ಲಿ ಭಾರಿ ಕೇಳ್ತಿತ್ತು, ಲಂಡನ್‌ಗೆ ತಂದು ಹಾಕಿದ್ರೆ ಸೌಂಡೇ ಇಲ್ಲ, ಎಲ್ಲಾ ಮಂಕು. ಬ್ಯಾಂಡ್‌ನೋರು ಮುಖ ಮುಖ ನೋಡ್ಕೊಂಡ್ರು. 'ವೆನ್ ದ ಲೆವೀ ಬ್ರೇಕ್ಸ್' ಒಂದು ಬಿಟ್ಟು ಉಳಿದಿದ್ದೆಲ್ಲಾ ಮತ್ತೆ ಮಿಕ್ಸ್ ಮಾಡ್ಬೇಕಾಯ್ತು. ಹೆಡ್‌ಫೋನ್‌ನಲ್ಲಿ ಟ್ರ್ಯಾಕ್ ರೆಡಿ ಮಾಡಿ ಗಣಪತಿ ಪೆಂಡಾಲ್‌ನಲ್ಲಿ ಹಾಕಿ ಮಾನ ಕಳ್ಕೊಂಡ ಪ್ರತಿಯೊಬ್ಬ ಆರ್ಕೆಸ್ಟ್ರಾದೋನಿಗೂ ಈ ನೋವು ಗೊತ್ತು. ಆ ತಿರಸ್ಕಾರ ಆದ ಮಿಕ್ಸನ್ನೇ 2014ರಲ್ಲಿ ಕೊಟ್ಟವ್ರೆ ನೋಡಿ, ಈಗ ಕೇಳಿದ್ರೆ ಅಂಥ ಕೆಟ್ಟದಾಗೇನೂ ಇಲ್ಲ ಅನ್ಸುತ್ತೆ ನನಗೆ.

ಅಂದಹಾಗೆ ಆ 'ಲೆವೀ' ಹಾಡಿಗೂ ಮುಂಚಿನ ರೂಪ ಒಂದೈತೆ, 'ಇಫ್ ಇಟ್ ಕೀಪ್ಸ್ ಆನ್ ರೇನಿಂಗ್' ಅಂತ, ಅದೂ ಕೋಡಾ ಡೀಲಕ್ಸ್‌ನಲ್ಲೇ. ಎಲ್ಲರಿಗೂ ಗೊತ್ತಿರೋ ಆ ಗುಡುಗು ಡ್ರಮ್ಮು ಹೆಡ್ಲಿ ಗ್ರೇಂಜ್ ಮನೆಯ ಹಾಲ್‌ನಲ್ಲಿ ಡ್ರಮ್ಮರ್ ಬಾನಮ್‌ನ ಕೂರ್ಸಿ, ಮೆಟ್ಟಿಲ ಮೇಲಿಂದ ಎರಡು ಮೈಕ್ ತೂಗಿ ಹಿಡಿದಿದ್ದು. ಈ ಮುಂಚಿನದ್ರಲ್ಲಿ ಆ ಗುಡುಗು ಇಲ್ಲ, ಮೆತ್ತಗೈತೆ, ಏನೋ ಸುತ್ತಿ ಸುತ್ತಿ ಹುಡುಕ್ತಾವ್ರೆ. ಹಾಡು ಅದೇ, ಸಿಕ್ಕಿರದೇ ಇದ್ದಿದ್ದು ಜಾಗ.

---

ಕೋಟೆ_ಕೇಳುಗ

ಎಲ್ಲಾ ಓದ್ದೆ, ಎಲ್ರೂ ಭಾರಿ ಭಕ್ತರು. ನಾನು ಚಿತ್ರದುರ್ಗದೋನೇ, ಕ್ಯಾಸೆಟ್ ಕಾಲದಿಂದ ಕೇಳ್ದೋನು, ನನ್ನದೊಂದು ತಕರಾರು ಐತೆ. ಕಲಾವಿದ "ಇದು ಬ್ಯಾಡ" ಅಂತ ತೆಗೆದಿಟ್ಟಿದ್ದನ್ನ ನಲವತ್ತು ವರ್ಷ ಆದ್ಮೇಲೆ ಅವನೇ ಪೂರ್ತಿ ರೇಟಿಗೆ ಮಾರೋದು ಯಾವ ನ್ಯಾಯ? ತೆಗೆದಿದ್ದೂ ಅವನದೇ ತೀರ್ಮಾನ ಅಲ್ವಾ.

ಮತ್ತೆ ಹುಡುಗ ಕೇಳಿದ ತೇಪೆ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. 1982ರ ಮೂಲ ಕೋಡಾ ತಗೊಳ್ಳಿ. ಬಾನಮ್ 1980 ಸೆಪ್ಟೆಂಬರ್‌ನಲ್ಲಿ ತೀರ್ಕೊಂಡ, ಬ್ಯಾಂಡ್ ಮುಗೀತು, ಕಳ್ಳ ರೆಕಾರ್ಡಿಂಗು ಎಲ್ಲಾ ಕಡೆ ಮಾರ್ತಾವೆ, ಕಂಪನಿಗೆ ಇನ್ನೊಂದು ಆಲ್ಬಂ ಕೊಡೋದಿತ್ತು, ಸರಿ ಉಳಿಕೆ ಎಲ್ಲಾ ಗುಡಿಸಿ ಹಾಕಿದ್ರು. ಅದರ ಮೊದಲ ಹಾಡು 'ವಿ ಆರ್ ಗಾನಾ ಗ್ರೂವ್', ಕವರ್ ಮೇಲೆ 1969ರ ಸ್ಟುಡಿಯೋ ರೆಕಾರ್ಡಿಂಗ್ ಅಂತ ಹಾಕಿದ್ರು. ಅದು ಸ್ಟುಡಿಯೋದ್ದೇ ಅಲ್ಲ! 1970 ಜನವರಿಲಿ ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಆದ ಲೈವ್, ಜನರ ಗದ್ದಲ ತೆಗೆದು, ಮೇಲೆ ಗಿಟಾರ್ ಕೂಡ್ಸಿ ಸ್ಟುಡಿಯೋದ್ದು ಅನ್ನೋ ಹಂಗೆ ಮಾಡಿದ್ದು. 'ಬಾನ್‌ಜೋಸ್ ಮಾಂಟ್ರೂ' ಅಂತ ಬಾನಮ್‌ದು ಡ್ರಮ್ ಸೋಲೋ ಐತಲ್ಲ, 1976ರದ್ದು, ಅದರ ಮೇಲೂ ಪೇಜ್ ಎಲೆಕ್ಟ್ರಾನಿಕ್ ಎಫೆಕ್ಟ್ ಹಚ್ಚವ್ನೆ. ಸತ್ತ ಗೆಳೆಯನ ಡ್ರಮ್ಮನ್ನ ಇದ್ದಂಗೆ ಬಿಡ್ಬಾರ್ದಿತ್ತಾ? ಅದಕ್ಕೇ ನನಗೆ ಈ ಅಧಿಕೃತ ಉಳಿಕೆ ಅಂದ್ರೆ ನಂಬಿಕೆ ಕಮ್ಮಿ.

---

ದುರ್ಗದ_ಹಳೇಸ್ಪೂಲ್

ಕೇಳುಗ್ರೇ, ಗ್ರೂವ್ ವಿಷಯ ಒಪ್ದೆ, ಅದು ಮೋಸಾನೇ. ಆಮೇಲಾದ್ರೂ ಆಲ್ಬರ್ಟ್ ಹಾಲ್‌ದು ಅಂತ ಸರಿಯಾಗಿ ಹಾಕಿದ್ರು ಅನ್ನೋದು ಬೇರೆ ಮಾತು.

ಆದ್ರೆ "ಬ್ಯಾಡ ಅಂತ ತೆಗೆದಿಟ್ಟಿದ್ದು" ಅಂತೀರಲ್ಲ, ಅಲ್ಲಿ ನಾನು ಬರಲ್ಲ. 1975ರ 'ಫಿಸಿಕಲ್ ಗ್ರಾಫಿಟಿ' ನಿಮಗೆ ಪ್ರಾಣ, ಹೌದಲ್ವಾ? ಅದರ 15 ಹಾಡಲ್ಲಿ ಏಳು ಹಳೇ ಆಲ್ಬಂಗಳ ಉಳಿಕೆ. 'ಬ್ರಾನ್-ವೈ-ಆರ್' ಮೂರನೇದ್ರಿಂದ, 'ನೈಟ್ ಫ್ಲೈಟ್', 'ಡೌನ್ ಬೈ ದ ಸೀಸೈಡ್', 'ಬೂಗಿ ವಿತ್ ಸ್ಟೂ' ನಾಲ್ಕನೇದ್ರಿಂದ, 'ದ ರೋವರ್' ಐದನೇದ್ರಿಂದ. 'ಹೌಸಸ್ ಆಫ್ ದ ಹೋಲಿ' ಅನ್ನೋ ಹಾಡಂತೂ ಅದೇ ಹೆಸರಿನ ಆಲ್ಬಂನಿಂದಲೇ ಹೊರಗೆ ಬಿದ್ದಿತ್ತು! ಹೊಸ ಎಂಟು ಹಾಡು ಒಂದು ಎಲ್‌ಪಿಗೆ ಜಾಸ್ತಿ ಆಯ್ತು, ಎರಡು ಎಲ್‌ಪಿಗೆ ಕಮ್ಮಿ ಆಯ್ತು, ಡ್ರಾಯರ್ ತೆಗೆದ್ರು. ಎಲ್‌ಪಿ ಒಂದು ಮೈಗೆ ಇಪ್ಪತ್ತು ಚಿಲ್ಲರೆ ನಿಮಿಷ ಮೀರಿದ್ರೆ ಸೌಂಡ್ ಸೊರಗುತ್ತೆ, ಆ ಕಾಲದಲ್ಲಿ ಎಷ್ಟೋ ಹಾಡು ಹೊರಗುಳಿದಿದ್ದು ಜಾಗ ಸಾಲ್ದೇ, ಗುಣ ಸಾಲ್ದೇ ಅಲ್ಲ. 'ಹೇ ಹೇ ವಾಟ್ ಕ್ಯಾನ್ ಐ ಡೂ' 1970ರಲ್ಲಿ ಸಿಂಗಲ್‌ನ ಹಿಂಬದಿಗೆ ಹೋಯ್ತು, ಬ್ಯಾಂಡ್ ಇದ್ದಷ್ಟು ದಿನ ಅವ್ರದೇ ಯಾವ ಆಲ್ಬಂನಲ್ಲೂ ಸೇರ್ಲಿಲ್ಲ. ಅದು ಕಸ ಅಂತ ಹೇಳಿ ನೋಡಣ.

---

ಕೋಟೆ_ಕೇಳುಗ

'ಹೇ ಹೇ' ಬಗ್ಗೆ ಮಾತಾಡಂಗಿಲ್ಲ, ಅದು ಬಂಗಾರ. ಉಳಿದಿದ್ದಕ್ಕೆ ನನ್ನ ಅಭಿಪ್ರಾಯ ಹಂಗೇ ಇರ್ಲಿ ಬಿಡಿ.

---

ಖಂಡನಡೆ

ಒಬ್ರೂ ಬಾಂಬೆ ವಿಷಯ ಎತ್ತಲಿಲ್ಲ ಅಂತ ಆಶ್ಚರ್ಯ ಆಯ್ತು ನನಗೆ, ಅದೂ ಇದೇ ಕೋಡಾ ಡೀಲಕ್ಸ್‌ನಲ್ಲಿ ಐತೆ ಕಣ್ರೀ. 1972ರಲ್ಲಿ ಪೇಜೂ ಪ್ಲಾಂಟೂ ಇಬ್ರೇ ಬಾಂಬೆಗೆ ಬಂದು ಅಲ್ಲಿನ ಕಲಾವಿದರ ಜೊತೆ 'ಫ್ರೆಂಡ್ಸ್', 'ಫೋರ್ ಸ್ಟಿಕ್ಸ್' ಎರಡು ಹಾಡು ರೆಕಾರ್ಡ್ ಮಾಡಿದ್ರು, ಡಿಸ್ಕ್‌ನಲ್ಲಿ ಎರಡನೇದಕ್ಕೆ 'ಫೋರ್ ಹ್ಯಾಂಡ್ಸ್' ಅಂತ ಹೆಸರು. ಎಷ್ಟೋ ವರ್ಷ ಕಳ್ಳ ಪ್ರತಿಯಲ್ಲಿ ಗೊರಗೊರ ಅಂತ ಕೇಳ್ಕೊಂಡಿದ್ವಿ, ಅಧಿಕೃತವಾಗಿ ಬಂದಿದ್ದು 2015ಕ್ಕೆ.

ನಾನು ತಬಲಾ ನುಡಿಸೋನು, ನಮ್ಮೂರ ಭಜನೆ ಮಂಡಳಿಲಿ ಅಷ್ಟೇ, ದೊಡ್ಡ ವಿದ್ವಾನ್ ಏನಲ್ಲ. 'ಫೋರ್ ಸ್ಟಿಕ್ಸ್' ಮೂಲದಲ್ಲೇ ತಲೆ ತಿನ್ನೋ ಹಾಡು, ಐದೈದು ಎಣಿಕೆಯಲ್ಲಿ ಹೋಗ್ತಾ ಇದ್ದು ಆರಕ್ಕೆ ತಿರುಗುತ್ತೆ, ನಮ್ಮ ಲೆಕ್ಕದಲ್ಲಿ ಖಂಡ ನಡೆ ಬಿಟ್ಟು ತಿಶ್ರಕ್ಕೆ ಹಾರಿದಂಗೆ, ಬಾನಮ್ ಕೈಗೆ ಎರಡೆರಡು ಕೋಲು ಹಿಡ್ಕೊಂಡು ಬಾರಿಸಿದ್ದಕ್ಕೇ ಆ ಹೆಸರು. ಇದನ್ನ ಬಾಂಬೆಯೋರ ಕೈಗೆ ಕೊಟ್ಟಾಗ ಏನಾಗುತ್ತೆ ನೋಡ್ರಿ. ಬಾನಮ್‌ದು ನೆಲ ಕುಟ್ಟೋ ಪೆಟ್ಟು, ಇಲ್ಲಿ ತಬಲಾ ಬಂದ ತಕ್ಷಣ ಅದೇ ಎಣಿಕೆ ಕುಣೀತಾ ಹೋಗುತ್ತೆ. ಎಲ್ಲಾ ಹೊಂದಿ ಬಂದೈತೆ ಅಂತ ಹೇಳಲ್ಲ, ಅಲ್ಲಲ್ಲಿ ಒಬ್ಬರ ಕಡೆ ಒಬ್ಬರು ನೋಡ್ಕೊಂಡು ಹುಷಾರಾಗಿ ಹೆಜ್ಜೆ ಇಡೋದು ಕೇಳುತ್ತೆ. ನನಗೆ ಅದೇ ಇಷ್ಟ. 'ಫ್ರೆಂಡ್ಸ್' ಅದಕ್ಕಿಂತ ಸಲೀಸು, ಮೂಲದಲ್ಲೇ ಬ್ಯಾಂಡ್‌ನ ಬಾಸ್ ಗಿಟಾರಿಸ್ಟ್ ಜಾನ್ ಪಾಲ್ ಜೋನ್ಸ್ ಬರೆದ ತಂತಿವಾದ್ಯ ಇತ್ತು, ಇಲ್ಲಿ ಅದು ತವರಿಗೆ ಬಂದಂಗೈತೆ. 1994ರಲ್ಲಿ ಪೇಜ್ ಪ್ಲಾಂಟ್ ಇಬ್ರೂ ಈಜಿಪ್ಟ್ ಕಲಾವಿದರನ್ನ ಸೇರಿಸ್ಕೊಂಡು 'ನೋ ಕ್ವಾರ್ಟರ್'ನಲ್ಲಿ ಇವೇ ಎರಡೂ ಹಾಡು ಮತ್ತೆ ಮಾಡಿದ್ರು, ಅಂದ್ರೆ 22 ವರ್ಷ ಆ ಆಸೆ ತಲೇಲಿತ್ತು ಅಂತ ತಾನೇ.

---

ಪಿಜೆ_ಬಡಾವಣೆ_ರಿಫ್

ಅಬ್ಬಾ, ಇಷ್ಟೆಲ್ಲಾ ಬರುತ್ತೆ ಅಂದ್ಕೊಂಡಿರ್ಲಿಲ್ಲ, ಥ್ಯಾಂಕ್ಸ್ ಎಲ್ರಿಗೂ. 'ಶುಗರ್ ಮಾಮಾ' ಈಗ್ತಾನೇ ಹಾಕ್ದೆ. ಸ್ಪೂಲ್ ಅಣ್ಣ, ಹಾಡು ಅಂಥ ದೊಡ್ಡದೇನಲ್ಲ ಅನ್ಸ್ತು ನಿಜ ಹೇಳ್ಬೇಕಂದ್ರೆ, ಆದ್ರೆ ಬಾನಮ್ 20 ವರ್ಷದ ಹುಡುಗ ಅಲ್ವಾ ಆಗ, ನಮ್ಮ ಡ್ರಮ್ಮರ್ ವಯಸ್ಸು! ಅವನಿಗೆ ಲಿಂಕ್ ಕಳ್ಸಿದೀನಿ, ಇನ್ನೂ ನಗಾಡಿಲ್ಲ. ಕೇಳುಗ ಸರ್ ಹೇಳಿದ್ದಕ್ಕೆ ಡಿಸ್ಕ್ ತಗೊಳ್ಳೋ ಪ್ಲಾನ್ ಸದ್ಯಕ್ಕೆ ಬಿಟ್ಟೆ, ಸ್ಟ್ರೀಮಿಂಗೇ ಸಾಕು, ಕೋಡಾದ್ದು ಮಾತ್ರ ಯಾವತ್ತಾದ್ರೂ ತಗೊಂತೀನಿ.

ಖಂಡನಡೆ ಅವ್ರೇ, 'ಫೋರ್ ಸ್ಟಿಕ್ಸ್'ನ ಐದರಿಂದ ಆರಕ್ಕೆ ತಿರುಗೋ ಜಾಗ ನಮ್ಮ ಬ್ಯಾಂಡ್‌ಗೆ ಕೂರ್ತಾನೇ ಇಲ್ಲ, ಬಾಯಲ್ಲಿ ಹೇಳ್ಕೊಳ್ಳೋಕೆ ಏನಾದ್ರೂ ಬೋಲ್ ಐತಾ?

---

ಖಂಡನಡೆ

ಐತಪ್ಪಾ. ಐದಕ್ಕೆ "ತಕ ತಕಿಟ", ಆರಕ್ಕೆ "ತಕಿಟ ತಕಿಟ". ಗಿಟಾರ್ ಕೆಳಗಿಡ್ರಿ, ಮೊದ್ಲು ನಾಲ್ಕೂ ಜನ ಕೂತು ಬಾಯಲ್ಲಿ ಹೇಳ್ರಿ, ಚಪ್ಪಾಳೆ ಬರೀ ಮೊದಲಕ್ಷರಕ್ಕೆ. ಡ್ರಮ್ಮರ್ ಒಬ್ಬನೇ ಎಣಿಸಿ ಉಳಿದೋರು ಅವನ ಮುಖ ನೋಡ್ತಾ ಕೂತ್ರೆ ಕೂರಲ್ಲ ಅದು. ಮೂಲಕ್ಕಿಂತ ಬಾಂಬೆ ಟೇಕ್ ಹಾಕ್ಕೊಂಡು ಅಭ್ಯಾಸ ಮಾಡ್ರಿ, ತಬಲಾ ಮೇಲೆ ತಿರುವು ಬಿಡಿಸಿ ಕೇಳುತ್ತೆ.